ಮೂವರಿಗೂ ಒಂದೇ ಹೆಸರು

ಪಂಚಮಿಗೆ ಕಟ್ಟಿದ ಶೇಂಗಾ ಉಂಡಿ ಇನ್ನೂ ಡಬ್ಬಿಯಲ್ಲಿದ್ದವು. 2019ರ ಆಗಸ್ಟ್. ಆಶ್ಲೇಷ ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಬಿಸಿಲು ಕಣ್ಣಿಗೇ ಬಿದ್ದಿರಲಿಲ್ಲ. ಮೇಡ್ಲೇರಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಅಜ್ಜನ ಕಾಲದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮೊಳ ದಪ್ಪ ಮಣ್ಣು. ಬೇಸಿಗೆಗೆ ಇಂಥ ಮನೆಯಂಥದು ಇನ್ನೊಂದಿಲ್ಲ. ಆದರೆ ಆ ಮಣ್ಣು ನೀರು ಕುಡಿಯತೊಡಗಿತೆಂದರೆ ಅದರ ಭಾರ ತಡೆಯುವ ಗೋಡೆ ಇಲ್ಲ. ಸಂಜೆ ಹೊತ್ತಿಗೆ ಪಡಸಾಲೆಯ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಕಂಡಿತು. ಹಳೆಯ ಬಟ್ಟೆ ತುರುಕಿದೆ. ಆಗ ಅಷ್ಟೇ ತೋಚಿತು.

ರಾತ್ರಿ ಎರಡರ ಸುಮಾರಿಗೆ ಅವ್ವ ಎದ್ದಳು. "ಏಳ್ರೋ, ಮನಿ ಮಾತಾಡಾಕತ್ತೈತಿ" ಅಂದಳು. ಮೇಲೆ ತೊಲೆ ಕಿರ್ ಕಿರ್ ಅನ್ನುತ್ತಿತ್ತು. ಮಕ್ಕಳನ್ನು ಎಳೆದುಕೊಂಡು ಹೆಂಡತಿ ಹೊರಗೆ ಓಡಿದಳು, ನಾನು ಅವ್ವನನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದೆ. ಅಂಗಳದ ಬೇವಿನ ಗಿಡದ ಹತ್ತಿರ ಮುಟ್ಟುವಷ್ಟರಲ್ಲಿ ಹಿಂದೆ ಧಪ್ಪೆಂದಿತು. ಅಂಥ ಮಳೆಯಲ್ಲೂ ಧೂಳೆದ್ದದ್ದನ್ನು ಕಂಡೆ. ನೂರು ವರ್ಷ ಒಣಗಿದ ಗೋಡೆಯ ಒಳಗಿನ ಧೂಳು ಅದು.

ನಮಗ್ಯಾರಿಗೂ ಪೆಟ್ಟಾಗಲಿಲ್ಲ. ಒಂದು ಗಬ್ಬದ ಕುರಿ ಸತ್ತಿತು. ಒಳಕೋಣೆಯಲ್ಲಿ ಅಜ್ಜನ ಟ್ರಂಕಿತ್ತು, ಅದರ ಮೇಲೆ ಗೋಡೆ ಕುಂತಿತ್ತು. ಮೂರನೇ ದಿನ ಮಣ್ಣು ಸರಿಸಿ ತೆಗೆದಾಗ ಒಳಗಿನ ಕಾಗದವೆಲ್ಲ ನೆನೆದ ರೊಟ್ಟಿಯಂತೆ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು. ಕಂದಾಯದ ರಸೀದಿ, ಹಳೆಯ ಉತಾರ, ಊರಲ್ಲಿ ಯಾರಿಗೂ ಓದಲು ಬಾರದ ಮೋಡಿ ಲಿಪಿಯ ಎರಡು ಹಾಳೆ ಎಲ್ಲವೂ ಅದರಲ್ಲಿದ್ದವು. ಬಿಡಿಸಲು ಹೋದರೆ ಹರಿಯುತ್ತಿತ್ತು, ಶಾಯಿ ನೀಲಿ ನೀರಾಗಿ ಬೆರಳಿಗೆ ಹತ್ತುತ್ತಿತ್ತು. ಅವ್ವ ಅದನ್ನು ಮೊರದಲ್ಲಿ ಹರವಿ ಬಿಸಿಲಿಗೆ ಇಟ್ಟಳು. ಒಣಗಿದ ಮೇಲೆ ಅದು ಕಟ್ಟಿಗೆಯ ತುಂಡಿನಂತೆ ಗಟ್ಟಿಯಾಯಿತು. ಅದನ್ನು ಎಸೆಯಲು ಮನಸ್ಸು ಬರದೆ ಈಗಲೂ ಇಟ್ಟುಕೊಂಡಿದ್ದೇನೆ.

ಆ ಸಲ ಜಿಲ್ಲೆಯಲ್ಲಿ ಎಷ್ಟೋ ಜನರ ಮನೆ ಬಿದ್ದವು. ಸರ್ಕಾರ ಮೊದಲು ಕೈಗೆ 10,000 ರೂಪಾಯಿ ಕೊಟ್ಟಿತು. ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದವಕ್ಕೆ 5 ಲಕ್ಷ ಎಂದು ಘೋಷಿಸಿತು. ನಮ್ಮದು ಎ ಪಟ್ಟಿಗೆ ಸೇರಿತು. ಫೋಟೊ ತೆಗೆದರು, ಮೊದಲ ಕಂತು 1 ಲಕ್ಷ ನನ್ನ ಖಾತೆಗೆ ಬಂತು. ಬುನಾದಿ ಹಾಕಿಸಿದೆ. ಬಂಡೆಗಲ್ಲಿನ ಪಾಯ ನೆಲದ ಮಟ್ಟಕ್ಕೆ ಬರುವುದಕ್ಕೂ ತಕರಾರು ಅರ್ಜಿ ಬರುವುದಕ್ಕೂ ಸರಿಹೋಯಿತು. ಅರ್ಜಿ ಕೊಟ್ಟವನು ನನ್ನ ಚಿಗಪ್ಪನ ಮಗ.

ಈ ತಕರಾರು ಅರ್ಥವಾಗಬೇಕಾದರೆ ನಮ್ಮ ಮನೆಯ ಹೆಸರುಗಳ ವಿಷಯ ಹೇಳಬೇಕು. ಹೆಸರುಗಳನ್ನೇ ಇಲ್ಲಿ ಬರೆಯುವುದಿಲ್ಲ, ಅವು ನನ್ನೊಬ್ಬನವಲ್ಲ. ನಮ್ಮ ಮನೆಯ ಗಂಡಸರಿಗೆ ಎರಡೇ ಹೆಸರು. ಒಂದು ನಮ್ಮ ಕುಲದ ಬೀರದೇವರದು, ಇನ್ನೊಂದು ದೇವರಗುಡ್ಡದ ಮಾಲತೇಶನದು. ಹಿರಿಯ ಮಗನಿಗೆ ಅಜ್ಜನ ಹೆಸರಿಡುವುದು ನಮ್ಮ ಕಡೆ ಮೊದಲಿನಿಂದ ಬಂದದ್ದು. ಹಾಗಾಗಿ ಒಂದು ತಲೆಮಾರು ಬೀರದೇವರ ಹೆಸರಿನವನು, ಮುಂದಿನ ತಲೆಮಾರು ಮಾಲತೇಶನ ಹೆಸರಿನವನು, ಮತ್ತೆ ಬೀರದೇವರದು. ನನ್ನದು ಬೀರದೇವರ ಹೆಸರು, ಅಪ್ಪನದು ಮಾಲತೇಶನದು. ಅಜ್ಜನದು ಬೀರದೇವರದು, ಅವನ ಅಪ್ಪನದು ಮಾಲತೇಶನದು. ಅದರ ಹಿಂದಿನವನದೂ ಹಾಗೇ. ಕಾಗದದ ಮೇಲೆ 'ಇಂಥವನು, ತಂದೆ ಇಂಥವನು' ಎಂದು ಬರೆದರೆ ಅದು ನಾನೂ ಆಗಬಹುದು, ನನ್ನ ಅಜ್ಜನೂ ಆಗಬಹುದು, ಅಜ್ಜನ ಅಜ್ಜನೂ ಆಗಬಹುದು. ಮೂವರಿಗೂ ಒಂದೇ ಹೆಸರು, ಮೂವರ ತಂದೆಗೂ ಒಂದೇ ಹೆಸರು.

ಹೊಲ ಆರು ಎಕರೆ, ಅಜ್ಜನ ಹೆಸರಿನಲ್ಲಿತ್ತು. ಬಿದ್ದ ಮನೆಯೂ ಪಂಚಾಯಿತಿ ಪುಸ್ತಕದಲ್ಲಿ ಅಜ್ಜನ ಹೆಸರಿನಲ್ಲಿಯೇ ಇತ್ತು. ಅಜ್ಜ ತೀರಿದ್ದು 1979ರಲ್ಲಿ. ಆಮೇಲೆ ಅಪ್ಪನಾಗಲಿ ಚಿಗಪ್ಪನಾಗಲಿ ವಾರಸಾ ಹಚ್ಚಿಸಲಿಲ್ಲ. ಅಣ್ಣ ತಮ್ಮ ಅರ್ಧರ್ಧ ಉಳುತ್ತಿದ್ದರು, ಬದುವಿಗೆ ಒಂದು ಕಲ್ಲು ನೆಟ್ಟಿದ್ದರು, ಅಷ್ಟೇ. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಉತಾರಗಳೆಲ್ಲ ಕಂಪ್ಯೂಟರಿಗೆ ಹೋದಾಗ ಅಜ್ಜನ ಹೆಸರೂ ಹಾಗೆಯೇ ಹೋಯಿತು. ನೋಡಿದವರಿಗೆ ಅದು ನನ್ನ ಹೆಸರಿನಂತೆಯೇ ಕಾಣುತ್ತಿತ್ತು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. 2019ರ ಆರಂಭದಲ್ಲಿ ರೈತರಿಗೆ ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಬಂತಲ್ಲ, ಆಗ ಅರ್ಜಿ ತುಂಬಿಕೊಡುವ ಹುಡುಗ ನನ್ನ ಆಧಾರ್ ನೋಡಿ, ಉತಾರ ನೋಡಿ, "ಹೆಸರು ಕೂಡತೈತಲ್ಲ ಕಾಕಾ, ನಿಮ್ದ ಐತಿ ಬಿಡ್ರಿ" ಅಂದ. ಅದು ಅಜ್ಜನದು ಎಂದು ನನಗೆ ಗೊತ್ತಿತ್ತು. ಸುಮ್ಮನಿದ್ದೆ. ಎರಡೆರಡು ಸಾವಿರ ಬರತೊಡಗಿತು. ಮನೆಯ ದುಡ್ಡೂ ಹಾಗೆಯೇ ಹೆಸರು ಕೂಡಿದ್ದರಿಂದ ನನಗೆ ಬಂತು. ಚಿಗಪ್ಪನ ಮಗ ದಾವಣಗೆರೆಯಲ್ಲಿ ಕೆಲಸಕ್ಕಿದ್ದ. ಅವನಿಗೆ ಯಾರೋ ಹೇಳಿದರು, ನಿಮ್ಮಣ್ಣ ಸತ್ತ ಅಜ್ಜನ ಹೆಸರು ಹಾಕಿಕೊಂಡು ಆಸ್ತಿ ಹೊಡೆಯುತ್ತಿದ್ದಾನೆ ಎಂದು. ಅವನ ಜಾಗದಲ್ಲಿ ನಾನಿದ್ದರೂ ತಕರಾರು ಕೊಡುತ್ತಿದ್ದೆ.

ಕಂತು ನಿಂತಿತು. ಕಚೇರಿಯವರು ವಂಶಾವಳಿ ತರಬೇಕು ಅಂದರು. ಅಜ್ಜನಿಂದ ಹಿಡಿದು ಈಗಿನವರೆಗೆ ಯಾರು ಯಾರ ಮಕ್ಕಳು, ಯಾರು ಇದ್ದಾರೆ, ಯಾರು ತೀರಿದ್ದಾರೆ ಎಂಬುದು ಅದರಲ್ಲಿ ಬರಬೇಕು. ವಂಶಾವಳಿಗೆ ಅಜ್ಜನ ಮರಣ ದಾಖಲೆ ಬೇಕು. ಮರಣ ದಾಖಲೆ ಹುಡುಕಿಸಿದರೆ ಆ ವರ್ಷದ ಪುಸ್ತಕದಲ್ಲಿ ಅಜ್ಜನ ಹೆಸರೇ ಇಲ್ಲ. ಯಾರೂ ಬರೆಸಿರಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ದಾಟಿದ ಸಾವನ್ನು ಬರೆಸಬೇಕಾದರೆ ಆಗ ಒಂದನೇ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಆದೇಶಕ್ಕೆ ಪುರಾವೆ ಬೇಕು. ಪುರಾವೆಯಿದ್ದ ಟ್ರಂಕು ಗೋಡೆಯಡಿ ಹೋಗಿತ್ತು. ಯಾವ ಕಚೇರಿ, ಯಾವ ಮೇಜು ಎಂದು ಇಲ್ಲಿ ಬರೆಯುವುದಿಲ್ಲ. ಒಂದೇ ಅರ್ಜಿಯನ್ನು ನಾಲ್ಕು ಸಲ ಕೊಟ್ಟೆ, ಎರಡು ಸಲ ಫೈಲು ಕಾಣುತ್ತಿಲ್ಲ ಅಂದರು. ಒಬ್ಬರು ಉತಾರ ತಿರುವಿ ಹಾಕಿ, "ಇದರಾಗ ಇರೋದು ನೀವಾ, ನಿಮ್ಮಜ್ಜಾ?" ಎಂದು ಕೇಳಿದರು. ಅಜ್ಜ ಅಂದೆ. "ಹಂಗಾರ ನೀವು ಯಾರು?" ಅಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವರ ಮುಂದಿನ ಕಾಗದಕ್ಕೆ ಅದು ಬೇಕಾಗಿತ್ತು. ಆದರೆ ಐವತ್ತು ವರ್ಷ ಒಂದೇ ಓಣಿಯಲ್ಲಿ ಬದುಕಿದವನಿಗೆ ಆ ಮಾತು ಬಸ್ಸಿನಲ್ಲಿ ಊರು ಮುಟ್ಟುವ ತನಕ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಅವ್ವ ತಗಡಿನ ಶೆಡ್ಡಿನಲ್ಲಿದ್ದಳು. ಪಾಯದ ಪಕ್ಕದಲ್ಲೇ ಹಾಕಿದ್ದ ಶೆಡ್ಡು. ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ಕೂಡಲಾಗುತ್ತಿರಲಿಲ್ಲ, ಬೇವಿನ ಗಿಡದಡಿ ಕಂಬಳಿ ಹಾಸಿಕೊಂಡು ಮಲಗುತ್ತಿದ್ದಳು. ಮಳೆಗಾಲದಲ್ಲಿ ತಗಡಿನ ಸದ್ದಿಗೆ ರಾತ್ರಿಯೆಲ್ಲ ಕೂತೇ ಇರುತ್ತಿದ್ದಳು. ಮನೆ ಬಿದ್ದ ರಾತ್ರಿಯ ಮೇಲೆ ಆಕೆಗೆ ಮಳೆ ಸದ್ದು ಕೇಳಿದರೆ ನಿದ್ದೆ ಬರುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕಚೇರಿ, ಕೋರ್ಟು, ಬಸ್ಸು ಎಲ್ಲ ನಿಂತವು. ಪಾಯದ ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದು ಕುರಿಮರಿಗಳು ಅಲ್ಲೇ ಮೇಯತೊಡಗಿದವು.

ಹೆಳವಪ್ಪನ ನೆನಪು ತೆಗೆದವಳು ಅವ್ವ. "ಕಾಗದ ಹೋದ್ರ ಹೋಗ್ಲಿ, ಹೆಳವರಪ್ಪ ಇಲ್ಲೇನು?" ಅಂದಳು ಒಂದು ದಿನ.

ಉತ್ತರ ಕರ್ನಾಟಕದ ಹಳ್ಳಿಗಳವರಿಗೆ ಹೆಳವರು ಯಾರೆಂದು ಹೇಳಬೇಕಿಲ್ಲ, ಈಗಿನ ಹುಡುಗರಿಗೆ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಕಾಲ ಮೇಲೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುವವರು. ಹೆಳವ ಅಂದರೆ ಕಾಲಿಲ್ಲದವನು. ಬಸವಣ್ಣನವರು ಕಾಲಿಲ್ಲದ ಒಬ್ಬನಿಗೆ ಎತ್ತು ಕೊಟ್ಟು ಮನೆಮನೆಯ ಕುಲ ಹೇಳಿ ಬದುಕು ಅಂದರು ಎಂಬುದು ಅವರಲ್ಲಿನ ಕಥೆ. ಒಬ್ಬೊಬ್ಬ ಹೆಳವನಿಗೆ ಇಂತಿಷ್ಟು ಊರು, ಇಂತಿಷ್ಟು ಮನೆತನ. ಅಪ್ಪನಿಂದ ಮಗನಿಗೆ ಆ ಮನೆತನಗಳು ಬರುತ್ತವೆ. ಮನೆಯ ಮುಂದೆ ನಿಂತು ಮೂಲ ಊರು, ಬೆಡಗು, ಮನೆದೇವರು, ಮೂಲಪುರುಷ, ಅವನ ಮಕ್ಕಳು, ಮೊಮ್ಮಕ್ಕಳು ಎಂದು ನಮ್ಮ ತನಕ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ. ಹಿಂದೆ ತಾಮ್ರದ ಪಟ, ತಾಳೆಗರಿ ಇದ್ದವು, ಈಗ ಪುಸ್ತಕ. ಕಾಳು, ಬಟ್ಟೆ, ಕೈಲಾದವರು ಕರು ಅಥವಾ ಕುರಿ ಕೊಟ್ಟು ಕಳಿಸುತ್ತಾರೆ.

ನಮ್ಮ ಮನೆಗೆ ಅವರು ಬರುವುದು ನಿಂತಿತ್ತು. 1990ರ ದಶಕದಲ್ಲಿ ಒಂದು ವರ್ಷ ಬೆಳೆ ಪೂರ್ತಿ ಹೋಗಿತ್ತು. ಹೆಳವಪ್ಪ ಬಂದು ಗಂಟೆ ಬಾರಿಸಿದಾಗ ಅಪ್ಪ, "ಈ ಸಲ ಏನೂ ಇಲ್ಲ, ಮುಂದಿನ ವರ್ಷ ಬಾ" ಅಂದುಬಿಟ್ಟ. ಆತ ಕೊಡಲು ಏನೂ ಕೇಳಿರಲಿಲ್ಲ, ಹೇಳಿ ಹೋಗುತ್ತೇನೆ ಅಂದಿದ್ದ ಅಷ್ಟೇ. ಅಪ್ಪ ಬೇಡ ಅಂದ. ನಾನು ಅಲ್ಲೇ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದೆ. ಮಾತಾಡಲಿಲ್ಲ. ಎತ್ತು ತಿರುಗಿ ಹೋದದ್ದು, ಅದರ ಕೊರಳ ಗಂಟೆ ಓಣಿಯ ತಿರುವಿನ ತನಕ ಕೇಳಿದ್ದು ನೆನಪಿದೆ. ಮುಂದಿನ ವರ್ಷ ಆತ ನಮ್ಮ ಓಣಿಗೆ ಬಂದರೂ ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ.

ಹುಡುಕಲು ಆರು ತಿಂಗಳು ಹಿಡಿಯಿತು. ನಮ್ಮ ಬೆಡಗಿನವರಿರುವ ಊರುಗಳಿಗೆಲ್ಲ ಹೇಳಿ ಕಳಿಸಿದೆ. ಕುರಿ ಸಂತೆಯಲ್ಲಿ ಕೇಳಿದೆ. 2021ರ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಆತನೇ ಬಂದ. ಅಪ್ಪ ವಾಪಸ್ಸು ಕಳಿಸಿದ್ದವನ ಮಗ. ಅರವತ್ತರ ಹತ್ತಿರದ ಮನುಷ್ಯ, ಮಾಸ್ಕು ಗದ್ದಕ್ಕೆ ಜಾರಿತ್ತು. ನಾನು ಕಾಲಿಗೆ ನೀರು ಕೊಟ್ಟೆ. ಅಪ್ಪ ಮಾಡಿದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಆತ ತಡೆದು, "ಬರದಾಗ ಎಲ್ಲಾರೂ ಅಂತಾರ ಯಜಮಾನ. ಪುಸ್ತಕದಾಗ ಅದನ್ನ ಬರಿಯೂದಿಲ್ಲ" ಅಂದ.

ಚಿಗಪ್ಪನ ಮಗನನ್ನೂ ಕರೆಸಿದ್ದೆ. ಅವ್ವನೇ ಫೋನಿನಲ್ಲಿ ಮಾತಾಡಿ, ನನ್ನ ಸಲುವಾಗಿ ಒಂದು ದಿನ ಬಾ ಅಂದಿದ್ದಳು. ಅವನು ಬಂದು ಬೇವಿನ ಗಿಡದ ಆ ಕಡೆ ನಿಂತ. ಕೂಡಲಿಲ್ಲ. ಅತ್ತೆಯೂ ಬಂದಿದ್ದಳು, ಅಪ್ಪನ ತಂಗಿ, ಆಗ ಎಪ್ಪತ್ತು ದಾಟಿದ್ದಳು.

ಹೆಳವಪ್ಪ ಬಟ್ಟೆಯ ಗಂಟು ಬಿಚ್ಚಿದ. ಒಳಗೆ ಉದ್ದನೆಯ ಪುಸ್ತಕ, ಅಂಚು ಎಣ್ಣೆಗೈ ತಾಗಿ ಕಂದಿ ಕಪ್ಪಾಗಿತ್ತು. ಹಾಳೆ ತೆರೆದಿಟ್ಟನೇ ಹೊರತು ಬಹಳ ಹೊತ್ತು ಅದರ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಒಂದೇ ಧಾಟಿಯಲ್ಲಿ ಹೇಳುತ್ತ ಹೋದ. ಆಗ ನನಗೆ ಮೊದಲ ಸಲ ತಿಳಿದದ್ದು ಇದು: ನಮ್ಮ ಮನೆಯ ಎರಡೇ ಹೆಸರಿನ ಗೊಂದಲ ಹೆಳವರಿಗೆ ಗೊಂದಲವೇ ಅಲ್ಲ. ಅವರು ಒಬ್ಬೊಬ್ಬರನ್ನೂ ಅವರವರ ಮೇಲೆ ಬಂದು ಹೋದದ್ದರಿಂದ ಗುರುತಿಸುತ್ತಾರೆ.

ಮೊದಲನೆಯವನು ಹೊಳೆ ದಾಟಿ ಬಂದವನು. ತುಂಗಭದ್ರೆಯ ಆಚೆ ದಂಡೆಯಿಂದ ಕುರಿ ಹೊಡೆದುಕೊಂಡು ಬಂದು ಈ ಸೀಮೆಯಲ್ಲಿ ಹಟ್ಟಿ ಹಾಕಿದ. ಮೂಲ ಊರಿನ ಹೆಸರನ್ನೂ ಹೇಳಿದ. ಅಲ್ಲಿ ಈಗಲೂ ನಮ್ಮ ಬೆಡಗಿನ ನಾಲ್ಕು ಮನೆಗಳಿವೆ ಎಂದು ಆಮೇಲೆ ಹೋಗಿ ನೋಡಿ ಬಂದೆ.

ಅವನಿಂದ ಮುಂದೆ ಬರುತ್ತ ಬರುತ್ತ ಧಾತು ಬರದವನು. ನನ್ನ ಅಜ್ಜನ ಅಜ್ಜ, ನನ್ನ ಹೆಸರಿನವನೇ. 1876ರಲ್ಲಿ ಮಳೆ ಕೈಕೊಟ್ಟು ಧಾತು ಸಂವತ್ಸರ, ಅದರ ಬೆನ್ನಿಗೆ ಈಶ್ವರ ಸಂವತ್ಸರ, ಎರಡು ವರ್ಷ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನೂ ಆಚೆ ಮೈಸೂರು ಸೀಮೆಯನ್ನೂ ಬರ ಉರಿಸಿತು. ಮೈಸೂರು ಸೀಮೆಯೊಂದರಲ್ಲೇ ಹತ್ತು ಲಕ್ಷದ ಸುಮಾರು ಜನ ಸತ್ತರು. ಆಗ ಇವನು ತಮ್ಮನ ಜೊತೆ ಕುರಿ ಹೊಡೆದುಕೊಂಡು ಮಲೆನಾಡಿನ ಕಡೆ ಹೋದ. ಹೋಗುವಾಗ ಇಬ್ಬರು, ಬರುವಾಗ ಒಬ್ಬ. ತಮ್ಮ ಅಲ್ಲೇ ಉಳಿದನೋ, ಸತ್ತನೋ, ಹೆಳವಪ್ಪನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೆರೆ ನಿಂತುಬಿಟ್ಟಿದೆ. ಬರ ಬಂದರೆ ಕಾಳು ಸಾಗಿಸಲು ದಾರಿಯಿರಬೇಕೆಂದು ಮುಂದೆ 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತಲ್ಲ, ನಮ್ಮ ಕಡೆ ಆ ಹಳಿ ಬಂದಾಗ ಊರಿಗೆ ಮರಳಿದ ಅಣ್ಣ ಏರಿಗೆ ಮಣ್ಣು ಹೊತ್ತ. ಆ ಕೂಲಿಯಲ್ಲಿ ಎರಡು ಕುರಿ ಕೊಂಡ. ನಮ್ಮ ಮನೆಯ ಕುರಿಗಳೆಲ್ಲ ಆ ಎರಡರ ಸಂತಾನ ಎಂದು ಹೆಳವಪ್ಪ ಹೇಳಿದಾಗ ಅವ್ವ ದೊಡ್ಡಿಯ ಕಡೆ ತಿರುಗಿ ನೋಡಿದಳು.

ಅವನ ಮಗ ಗುಡಿಸಲಿನಲ್ಲಿ ಉಳಿದವನು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಒಂದೆರಡು ವರ್ಷದಲ್ಲಿ ಹುಬ್ಬಳ್ಳಿ, ಧಾರವಾಡ ಹಿಡಿದು ಈ ಕಡೆ ಇಳಿಯಿತು. ಮನೆಯಲ್ಲಿ ಇಲಿ ಬಿದ್ದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಇವನು ಆಗ ಹುಡುಗ. ಗುಡಿಸಲಿಗೆ ಹೋದವರಲ್ಲಿ ತಾಯಿ, ಇಬ್ಬರು ಅಕ್ಕಂದಿರು ಹೋದರು, ಇವನೊಬ್ಬ ಉಳಿದ. ಉಳಿದು ಮದುವೆಯಾಗಿ, ಇಪ್ಪತ್ತು ವರ್ಷದ ಮೇಲೆ 1918ರ ಮಾನ್ಮೋಡಿ ಬೇನೆಯಲ್ಲಿ ತೀರಿದ. ಹೊರಗೆ ಇನ್‌ಫ್ಲುಯೆಂಜಾ ಅಂದರು, ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಒಯ್ದ ಬೇನೆ ಅದು. ಇಲ್ಲಿಗೆ ಬಂದಾಗ ಹೆಳವಪ್ಪ ಹೇಳುವುದನ್ನು ನಿಲ್ಲಿಸಿ ಗದ್ದಕ್ಕಿದ್ದ ಮಾಸ್ಕನ್ನು ಮೂಗಿಗೆ ಏರಿಸಿಕೊಂಡ. ಯಾರೂ ನಗಲಿಲ್ಲ.

ಅವನ ಮಗ ಕುಣಿ ಮಗ್ಗದವನು. ಇವನೇ ನನ್ನ ಅಜ್ಜ. ಆರು ವರ್ಷಕ್ಕೆ ತಂದೆಯಿಲ್ಲದವನಾಗಿ, ತಾಯಿ ನೂಲು ತೆಗೆದು ಸಾಕಿದವನು. ದೊಡ್ಡವನಾಗಿ ಪಡಸಾಲೆಯಲ್ಲಿ ಮಗ್ಗ ಹಾಕಿದ. ಕಂಬಳಿಯ ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಎಳೆದು ಕಟ್ಟುತ್ತಿದ್ದ. ಆ ಹುಳಿ ಮಿಶ್ರಿತ ಉಣ್ಣೆಯ ವಾಸನೆಯೇ ನನಗೆ ಅಜ್ಜನ ವಾಸನೆ. ಆ ಕಂಬಳಿ ಮಾರಿದ ದುಡ್ಡಿನಲ್ಲಿ ಆರು ಎಕರೆ ಕೊಂಡದ್ದು. ಮುಂಬಯಿ ಇಲಾಖೆಯಲ್ಲಿ ಹುಟ್ಟಿ, 1956ರಲ್ಲಿ ಮೈಸೂರು ರಾಜ್ಯದವನಾಗಿ, 1973ರಲ್ಲಿ ಕರ್ನಾಟಕದವನಾಗಿ ಆಮೇಲೆ ತೀರಿದ. ನಾನು ಧಾರವಾಡ ಜಿಲ್ಲೆಯಲ್ಲಿ ಹುಟ್ಟಿ 1997ರಿಂದ ಹಾವೇರಿ ಜಿಲ್ಲೆಯವನು. ಇಷ್ಟರಲ್ಲಿ ನಮ್ಮ ಮನೆ ಒಂದು ಮಾರು ಕೂಡ ಸರಿದಿರಲಿಲ್ಲ, ದಫ್ತರಗಳು ಮಾತ್ರ ಊರೂರು ತಿರುಗಿದ್ದವು.

ಹೆಳವಪ್ಪ ಕಣ್ಣು ತೆರೆದು ಪುಸ್ತಕಕ್ಕೆ ಬೆರಳಿಟ್ಟ. ಕುಣಿ ಮಗ್ಗದವನ ಹೆಸರು, ಅದರ ಕೆಳಗೆ ಎರಡು ಗೆರೆ. ಹಿರಿಯವನು ನನ್ನ ಅಪ್ಪ, ಕಿರಿಯವನು ಚಿಗಪ್ಪ. ಅಜ್ಜ ತೀರಿದ ಸಂವತ್ಸರ, ಮಾಸ, ವಾರ ಕೂಡ ಅಲ್ಲಿತ್ತು. ಆ ವರ್ಷ ಆತನ ಅಪ್ಪ ಬಂದಾಗ ಮನೆಯಲ್ಲಿ ಹದಿಮೂರನೇ ದಿನ ನಡೆದಿತ್ತಂತೆ. ನನ್ನ ಹೆಸರು ಕೊನೆಯ ಗೆರೆಯಲ್ಲಿತ್ತು. ಅದರ ಕೆಳಗೆ ಖಾಲಿ. ಅಪ್ಪ ವಾಪಸ್ಸು ಕಳಿಸಿದ ದಿನದಿಂದ ನಮ್ಮ ಮನೆಯಲ್ಲಿ ಹುಟ್ಟಿದವರ್ಯಾರೂ ಅಲ್ಲಿರಲಿಲ್ಲ.

ಚಿಗಪ್ಪನ ಮಗ ಯಾವಾಗ ಹತ್ತಿರ ಬಂದನೋ ಗೊತ್ತಿಲ್ಲ, ನನ್ನ ಹಿಂದೆ ನಿಂತಿದ್ದ. ಬಗ್ಗಿ ತನ್ನ ಅಪ್ಪನ ಹೆಸರು ಓದಿದ. "ನಮ್ಮಪ್ಪನೂ ಅದಾನ" ಅಂದ. ಅದು ಬಿಟ್ಟು ಬೇರೇನೂ ಅನ್ನಲಿಲ್ಲ.

ಮಾತಾಡಿದವಳು ಅತ್ತೆ. "ನಾ ಎಲ್ಲಿದೀನೋ ಎಪ್ಪಾ?" ಎಂದು ಕೇಳಿದಳು. ಆಕೆ ಎಲ್ಲಿಯೂ ಇರಲಿಲ್ಲ. ನಮ್ಮ ಹೆಳವಪ್ಪನ ಪುಸ್ತಕದಲ್ಲಿ ಹೆಣ್ಣುಮಕ್ಕಳ ಗೆರೆಯಿಲ್ಲ. ಪ್ಲೇಗಿನಲ್ಲಿ ಸತ್ತ ಅಕ್ಕಂದಿರ ಕಥೆ ಬಾಯಲ್ಲಿ ಬಂತು, ಹೆಸರು ಹಾಳೆಯಲ್ಲಿರಲಿಲ್ಲ. ಕಚೇರಿಯ ವಂಶಾವಳಿಯಲ್ಲಿ ಮಾತ್ರ ಅತ್ತೆ ಇರಲೇಬೇಕಿತ್ತು. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಕೊಟ್ಟ 2005ರ ಕಾಯ್ದೆ ಬಂದ ಮೇಲೆ ಹೆಣ್ಣುಮಕ್ಕಳನ್ನು ಬಿಟ್ಟು ಬರೆದರೆ ಅದು ವಂಶಾವಳಿಯೇ ಅಲ್ಲ. ಮೂರು ವರ್ಷ ನನ್ನನ್ನು ಅಲೆಸಿದ ಆ ಫಾರ್ಮು ನನಗೆ ಒಂದೇ ಒಂದು ವಿಷಯದಲ್ಲಿ ಹೆಳವಪ್ಪನ ಪುಸ್ತಕಕ್ಕಿಂತ ದೊಡ್ಡದಾಗಿ ಕಂಡಿತು. ಹೆಳವಪ್ಪನೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ತೆಗೆದು, ಅಪ್ಪ ಮತ್ತು ಚಿಗಪ್ಪನ ನಡುವೆ ಇದ್ದ ಇಕ್ಕಟ್ಟು ಜಾಗದಲ್ಲಿ ಅತ್ತೆಯ ಹೆಸರು ಬರೆದ.

ಕೋರ್ಟಿಗೆ ಆ ಹಾಳೆಯ ಝೆರಾಕ್ಸು ಹೋಯಿತು. ಆಗ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಮನೆತನದ ವಂಶಾವಳಿಗೂ ಜಾಗವಿದೆ ಎಂದು ವಕೀಲರು ಹೇಳಿದರು. ವಿಚಾರಣೆಯ ದಿನ ಹೆಳವಪ್ಪ ಹೊಸ ರುಮಾಲು ಸುತ್ತಿಕೊಂಡು, ಪುಸ್ತಕದ ಗಂಟನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಬಂದ. ಬಸ್ ಚಾರ್ಜು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಊರಿನ ಇಬ್ಬರು ಹಿರಿಯರೂ ಸಾಕ್ಷಿ ಹೇಳಿದರು. ಚಿಗಪ್ಪನ ಮಗ ತಕರಾರು ಹಿಂತೆಗೆದುಕೊಂಡು ಸಹಿ ಹಾಕಿದ. ಅದಕ್ಕೆ ಮೊದಲು ನಾನು ಪಿಎಂ ಕಿಸಾನ್ ದುಡ್ಡನ್ನು ಲೆಕ್ಕ ಹಾಕಿ ಮೂರು ಪಾಲು ಮಾಡಿ ಅವನಿಗೂ ಅತ್ತೆಗೂ ಕೊಟ್ಟಿದ್ದೆ. ಅತ್ತೆ ತನ್ನ ಪಾಲನ್ನು ಅವ್ವನ ಕೈಯಲ್ಲಿಟ್ಟು ಹೋದಳು.

ಆದೇಶ ಬರು­ವಷ್ಟರಲ್ಲಿ ಅವ್ವ ಇರಲಿಲ್ಲ. 2021ರ ಜೂನ್, ಮುಂಗಾರು ಹಿಡಿದ ದಿನ, ಶೆಡ್ಡಿನಲ್ಲಿಯೇ ಹೋದಳು. ಎರಡು ದಿನ ಜ್ವರ, ಮೂರನೇ ದಿನ ಉಸಿರು. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. "ಹೊರಗ ಒಯ್ಯೋ, ಗಿಡದ ಬುಡಕ" ಅಂದಳು. ಮಳೆ ಐತಿ ಅಂದೆ. ಆಕೆ ಅದಕ್ಕೇ ಹೊರಗೆ ಒಯ್ಯಿ ಅಂದದ್ದು ಎಂದು ಆಗ ಹೊಳೆಯಲಿಲ್ಲ. ಒಳಗಿದ್ದರೆ ಬೀಳುತ್ತದೆ ಎಂಬ ಭಯ ಆಕೆಗೆ. ಒಯ್ಯಬೇಕಿತ್ತು. ಕೊಡೆ ಹಿಡಿದಾದರೂ ಒಯ್ಯಬೇಕಿತ್ತು.

ತಯಾರಾಗಿದ್ದ ವಂಶಾವಳಿಯ ಅರ್ಜಿಯಲ್ಲಿ ಅವ್ವ 'ಹಯಾತ್', ಅಂದರೆ ಬದುಕಿದ್ದಾಳೆ, ಎಂದಿತ್ತು. ಅದನ್ನು 'ಮಯತ್' ಎಂದು ತಿದ್ದಬೇಕಾಯಿತು. ತಿದ್ದಲು ಬರುವುದಿಲ್ಲ, ಹೊಸ ಅರ್ಜಿ ಅಂದರು. ಹೊಸ ಛಾಪಾ ಕಾಗದ, ಹೊಸ ಪಂಚನಾಮೆ, ಹೊಸ ಸಹಿಗಳು. ಆ ಕಾಗದದ ಮೇಲೆ ಅವ್ವನ ಹೆಸರಿನ ಮುಂದೆ ಆ ಮೂರಕ್ಷರವನ್ನು ನಾನೇ ಬರೆದೆ. ಗುಮಾಸ್ತರು ಬರೆಯುತ್ತೇನೆ ಅಂದರು, ಕೊಡಲಿಲ್ಲ.

2022ರಲ್ಲಿ ಪೌತಿ ಖಾತೆಯಾಯಿತು. ಉತಾರದಲ್ಲಿ ಅಜ್ಜನ ಹೆಸರು ಹೋಗಿ ನಮ್ಮೆಲ್ಲರ ಹೆಸರು ಬಂದವು. ನಿಂತಿದ್ದ ಕಂತುಗಳು ಒಂದೊಂದಾಗಿ ಬಂದವು, ಒಂದೊಂದು ಹಂತಕ್ಕೂ ಜಿಪಿಎಸ್ ಫೋಟೊ. ಸಾಲದ್ದಕ್ಕೆ ಸಾಲ ಮಾಡಿದೆ. 2023ರ ಆಶ್ಲೇಷ ಮಳೆಗೆ ಮೊದಲು ಎರಡು ಕೋಣೆಯ ಮನೆ ಎದ್ದಿತು. ಹಳೆಯ ಮನೆಯ ಒಂದು ತೊಲೆ ಗಟ್ಟಿಯಾಗಿತ್ತು, ಅದನ್ನು ಕೊಯ್ಯಿಸಿ ಬಾಗಿಲ ಚೌಕಟ್ಟು ಮಾಡಿಸಿದೆ. ಚಿಗಪ್ಪನ ಮಗ ಗೃಹಪ್ರವೇಶಕ್ಕೆ ಬರಲಿಲ್ಲ, ಅವನ ಹೆಂಡತಿ ಮಕ್ಕಳು ಬಂದಿದ್ದರು. ಅವನೂ ನಾನೂ ಹೊಲದ ಬದುವಿನ ಮೇಲೆ ಸಿಕ್ಕಾಗ ಬೆಳೆಯ ವಿಷಯ ಮಾತಾಡುತ್ತೇವೆ.

2024ರ ಫೆಬ್ರುವರಿಯಲ್ಲಿ ಹೆಳವಪ್ಪ ಮತ್ತೆ ಬಂದ. ಈಗ ಎತ್ತಿಲ್ಲ, ಮಗನ ಬೈಕಿನ ಹಿಂದೆ ಕೂತು ಬರುತ್ತಾನೆ, ಗಂಟೆ ಮಾತ್ರ ಕೈಯಲ್ಲಿದೆ. ಹೊಸ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದೆ. ನನ್ನ ಮಗಳು ಪಕ್ಕದಲ್ಲಿ ಕೂತು ತನ್ನ ಹೆಸರು ಬರೆಸಿದಳು, ಒತ್ತಕ್ಷರ ತಪ್ಪಿದ್ದನ್ನು ತಿದ್ದಿಸಿದಳು. ಮಗನ ಹೆಸರನ್ನೂ ಬರೆದ. ಮಗನದು ಮಾಲತೇಶನ ಹೆಸರೇ. ನಾನು ಅವ್ವನ ಹೆಸರು ಹೇಳಿದೆ. ಆತ ಅಪ್ಪನ ಹೆಸರಿನ ಪಕ್ಕಕ್ಕೆ ಪೆನ್ನು ಒಯ್ದು ನಿಲ್ಲಿಸಿದ.

"ಏನಂತ ಬರೀಲಿ?" ಅಂದ. "ಎಲ್ಲಾರಿಗೂ ಒಂದು ಗುರುತು ಬೇಕಲ್ಲ."

"ಮನಿ ಮಾತಾಡಾಕತ್ತೈತಿ ಅಂತ ಎಬ್ಬಿಸಿದಾಕಿ" ಅಂದೆ.

ಆತ ಅದನ್ನು ಒಂದು ಸಲ ಬಾಯಲ್ಲಿ ಅಂದುಕೊಂಡು ನೋಡಿದ. ಧಾಟಿಗೆ ಕೂಡಿತೆಂದು ಕಾಣುತ್ತದೆ, ಬರೆದ. ಆಮೇಲೆ ಹಾಳೆಯನ್ನು ಹಿಂದಕ್ಕೆ ತಿರುವಿ, ಹೊಳೆ ದಾಟಿ ಬಂದವನಿಂದ ಹಿಡಿದು ಹೇಳತೊಡಗಿದ.